ಹಳೆಯ ವಾಯುಭಾರ ಮಾಪಕದ ಮೇಲಿನ ಹೆಸರು ತಯಾರಕರದೇ, ಮಾರಿದವರದೇ?

ಮೈಸೂರಿನ ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕ ಅನೆರಾಯ್ಡ್ (ಪಾದರಸವಿಲ್ಲದ) ವಾಯುಭಾರ ಮಾಪಕದ ಮುಖದ ಮೇಲೆ ಮದ್ರಾಸಿನ ಅಂಗಡಿಯ ಹೆಸರಿದೆ, ಅದು ಅಲ್ಲಿಯೇ ತಯಾರಾಯಿತೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಇಲ್ಲ. ತಯಾರಕರು ಹೆಸರಿಲ್ಲದ ಮಾಪಕಗಳನ್ನು ಸಗಟಾಗಿ ಕೊಡುತ್ತಿದ್ದರು. ಕನ್ನಡಕ, ಗಡಿಯಾರ ಮಾರುವವರು ತಮ್ಮ ಹೆಸರು ಬರೆಸಿಕೊಳ್ಳುತ್ತಿದ್ದರು. ನಿಜವಾದ ಸುಳಿವು ಹಿಂಬದಿಯಲ್ಲಿರುತ್ತದೆ. ಅಲ್ಲಿ ಪ್ಯಾರಿಸ್ಸಿನ ನೋಡೆ ಕಾರ್ಖಾನೆಯ ಮುದ್ರೆ ಕಂಡರೆ ಮಾಪಕ ಅವರದು. ಮುಖದ ಮೇಲೆ ಇಂಗ್ಲಿಷ್ ಅಂಗಡಿಯ ಹೆಸರು, ಒಳಗೆ ಫ್ರೆಂಚ್ ಯಂತ್ರ!

ಭೂಮಾಪನದಲ್ಲಿ ಕೋನಗಳನ್ನು ಅಳೆಯುವ ಥಿಯೋಡೊಲೈಟ್‌ಗಳ ಮಾತು ಬೇರೆ. ದೊಡ್ಡ ತಯಾರಕರು ಅವುಗಳಲ್ಲಿ ತಮ್ಮ ಹೆಸರನ್ನೇ ಕೆತ್ತುತ್ತಿದ್ದರು. ನಮ್ಮ ಮೈಸೂರು ಸೀಮೆಯಲ್ಲಿ ಅಳತೆ ಆರಂಭಿಸಿದ ಬ್ರಿಟಿಷ್ ಸೇನಾಧಿಕಾರಿ ಲ್ಯಾಂಬ್ಟನ್ ಬಳಸಿದ ದೊಡ್ಡ ಥಿಯೋಡೊಲೈಟ್ ಲಂಡನ್ನಿನ ಕ್ಯಾರಿ ತಯಾರಿಸಿದ್ದು. ಹೆಸರಿನಿಂದ ಕಾಲವೂ ತಿಳಿಯುತ್ತದೆ: ‘ಟ್ರೌಟನ್ ಅಂಡ್ ಸಿಮ್ಸ್’ 1826ರಿಂದ ಇದ್ದ ಸಂಸ್ಥೆ, 1922ರಲ್ಲಿ ಕುಕ್ ಸಂಸ್ಥೆಯೊಂದಿಗೆ ಸೇರಿದ ಮೇಲೆ ‘ಕುಕ್, ಟ್ರೌಟನ್ ಅಂಡ್ ಸಿಮ್ಸ್’ ಆಯಿತು. ಮೂರೂ ಹೆಸರಿದ್ದರೆ ಉಪಕರಣ ಅದಕ್ಕಿಂತ ಹಳೆಯದಲ್ಲ.

ಒಂದು ಕಳಕಳಿಯ ಮಾತು: ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹಿತ್ತಾಳೆಯ ಮೇಲಿನ ಹಳೆಯ ಅರಗಿನ ಲೇಪ ಒಮ್ಮೆ ಹೋದರೆ ಮತ್ತೆ ಬಾರದು. ಕೆತ್ತಿದ ಅಕ್ಷರಗಳೂ ಸವೆಯುತ್ತವೆ. ಒಣಗಿದ ಮೃದು ಬಟ್ಟೆ ಸಾಕು.