ಸಂಪಾದಕರ ಉತ್ತರ: ದೋಣಿಯಲ್ಲಿದ್ದ ದಿಂಬು

ಮೇಷ್ಟ್ರೇ, ನಮಸ್ಕಾರ.

ನಮ್ಮ ಡಿಸೆಂಬರ್ ಸಂಚಿಕೆಯ ಕ್ರಿಸ್ಮಸ್ ಲೇಖನದಲ್ಲಿ ಹೀಗೊಂದು ಸಾಲು ಇತ್ತು: ‘ಯೇಸುವಿನ ನಾಲ್ವರು ಶಿಷ್ಯರು ಕಣ್ಣಾರೆ ಕಂಡದ್ದನ್ನು ನಾಲ್ಕು ಸುವಾರ್ತೆಗಳಲ್ಲಿ ಬರೆದಿಟ್ಟರು.’ ನೀವು ಅದರ ಕೆಳಗೆ ಕೆಂಪು ಗೆರೆ ಎಳೆದು, ಪುಟವನ್ನೇ ಕತ್ತರಿಸಿ ಪತ್ರದ ಜೊತೆ ಕಳಿಸಿದ್ದೀರಿ. ಸುವಾರ್ತೆ ಅಂದರೆ ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಪುಸ್ತಕ; ನಾಲ್ಕೂ ಮತ್ತಾಯ, ಮಾರ್ಕ, ಲೂಕ, ಯೋಹಾನರ ಹೆಸರಿನಲ್ಲಿವೆ. ಮಾರ್ಕ, ಲೂಕ ಇಬ್ಬರೂ ಹನ್ನೆರಡು ಶಿಷ್ಯರಲ್ಲಿ ಇರಲೇ ಇಲ್ಲವಲ್ಲ ಎಂದು ಕೇಳಿದ್ದೀರಿ. ಯೇಸು ತೀರಿಕೊಂಡ ನಲವತ್ತು ವರ್ಷದ ಮೇಲೆ ಬರೆದದ್ದಂತೆ, ಹಾಗಿದ್ದರೆ ನಂಬುವುದು ಹೇಗೆ ಎಂದೂ ಕೇಳಿದ್ದೀರಿ. ಕೊನೆಯಲ್ಲಿ, ಓದುವುದಾದರೆ ಯಾವುದರಿಂದ ಶುರು ಮಾಡಲಿ ಎಂದಿದ್ದೀರಿ.

ತಪ್ಪು ನಮ್ಮದು. ಆ ಸಾಲನ್ನು ಅಚ್ಚಿಗೆ ಬಿಟ್ಟವನು ನಾನೇ. ಮಾರ್ಕ, ಲೂಕರ ವಿಷಯದಲ್ಲಿ ನೀವು ಹೇಳಿದ್ದು ಸರಿ. ಮತ್ತಾಯ, ಯೋಹಾನ ಎಂಬ ಹೆಸರುಗಳು ಶಿಷ್ಯರ ಪಟ್ಟಿಯಲ್ಲಿವೆ ನಿಜ. ಆದರೆ ಆ ಎರಡು ಪುಸ್ತಕಗಳನ್ನು ಅವರೇ ಕೂತು ಬರೆದರು ಎಂಬುದನ್ನು ಇವತ್ತಿನ ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ನಾಲ್ಕರಲ್ಲಿ ಯಾವುದರ ಒಳಗೂ ‘ಇಂಥವನಾದ ನಾನು ಇದನ್ನು ಬರೆದೆ’ ಎಂದು ಹೆಸರು ಹೇಳಿಕೊಂಡ ಮಾತಿಲ್ಲ. ಹೆಸರುಗಳು ತಲೆಬರಹದಲ್ಲಿ ಮಾತ್ರ ಇವೆ. ಆ ತಲೆಬರಹಗಳು ಆಮೇಲೆ ಸೇರಿದವು ಅನ್ನುವುದೇ ಹೆಚ್ಚಿನವರ ಅಭಿಪ್ರಾಯ. ಅಲ್ಲಿ ಗ್ರೀಕಿನಲ್ಲಿ ಇರುವುದು ‘ಮಾರ್ಕನ ಪ್ರಕಾರ’, ‘ಲೂಕನ ಪ್ರಕಾರ’ ಎಂಬಷ್ಟೇ ಮಾತು. ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಅದು ‘ಮಾರ್ಕನು ಬರೆದ ಸುವಾರ್ತೆ’ ಎಂದಾಯಿತು. ಓದಿ ಬೆಳೆದವರ ಮನಸ್ಸಿನಲ್ಲಿ ಅದೇ ಕೂತಿದೆ. ‘ಪ್ರಕಾರ’ ಅಂದಾಗ ಒಂದೇ ಸುದ್ದಿಯನ್ನು ಬೇರೆ ಬೇರೆ ಕಡೆಯಿಂದ ಕೇಳುತ್ತಿದ್ದೇವೆ ಅನ್ನುವ ಭಾವ ಬರುತ್ತದೆ. ‘ಬರೆದ’ ಅಂದಾಗ ಅದು ಹೋಗಿಬಿಡುತ್ತದೆ, ಅಲ್ವಾ?

ಕಾಲದ ಲೆಕ್ಕವೂ ನೀವು ಕೇಳಿದಂತೆಯೇ ಇದೆ. ಯೇಸುವನ್ನು ಜೆರುಸಲೇಮಿನಲ್ಲಿ ಶಿಲುಬೆಗೆ ಹಾಕಿದ್ದು ಸುಮಾರು ಕ್ರಿ.ಶ. 30ರಲ್ಲಿ. ನಮಗೆ ಸಿಕ್ಕಿರುವ ಕ್ರೈಸ್ತ ಬರಹಗಳಲ್ಲಿ ಎಲ್ಲಕ್ಕಿಂತ ಹಳೆಯವು ಸುವಾರ್ತೆಗಳಲ್ಲ, ಊರೂರು ಸುತ್ತಿ ಕ್ರೈಸ್ತ ಧರ್ಮ ಸಾರಿದ ಪೌಲನ ಪತ್ರಗಳು. ಅವು ಸುಮಾರು 50ರಿಂದ ಶುರುವಾಗುತ್ತವೆ. ಮಾರ್ಕನ ಸುವಾರ್ತೆ 70ರ ಆಸುಪಾಸಿನದು. ಮತ್ತಾಯ, ಲೂಕ ಅದಾಗಿ ಹತ್ತು ಹದಿನೈದು ವರ್ಷಕ್ಕೆ. ಯೋಹಾನನದು ಆ ಶತಮಾನದ ಕೊನೆಗೆ.

ಅಷ್ಟು ವರ್ಷ ಯಾಕೆ ಬರೆಯಲಿಲ್ಲ? ಬರೆಯಬೇಕು ಅಂತ ಆ ಮೊದಲ ಕ್ರೈಸ್ತರಿಗೆ ಅನ್ನಿಸಿದಂತಿಲ್ಲ. ಯೇಸು ಬೇಗನೆ ಮರಳಿ ಬರುತ್ತಾರೆ ಎಂದು ಅವರು ನಂಬಿದ್ದರು. ನಾಳೆಯೋ ನಾಡಿದ್ದೋ ಬರುವವರ ಕಥೆಯನ್ನು ಮೊಮ್ಮಕ್ಕಳಿಗಾಗಿ ಯಾರು ಬರೆದಿಡುತ್ತಾರೆ? ಮೇಲಾಗಿ ಆ ಜನರಲ್ಲಿ ಓದು ಬರಹ ಬಲ್ಲವರು ತೀರಾ ಕಡಿಮೆ. ಯೇಸುವಿನ ಮುಖ್ಯ ಶಿಷ್ಯರಾದ ಪೇತ್ರ, ಯೋಹಾನರು ಶಾಸ್ತ್ರ ಕಲಿಯದ ಸಾಮಾನ್ಯರು ಎಂದು, ಮೊದಲ ಕ್ರೈಸ್ತರ ಕಥೆ ಹೇಳುವ ಬೈಬಲ್ ಪುಸ್ತಕವಾದ ಅಪೊಸ್ತಲರ ಕೃತ್ಯಗಳಲ್ಲೇ ಇದೆ. ಅವರು ಮೀನು ಹಿಡಿಯುತ್ತಿದ್ದವರು. ಆದರೆ ಅವರ ಬಾಯಲ್ಲಿ ಮಾತಿತ್ತು. ಯೇಸು ಮಾತಾಡಿದ್ದೂ ಹಾಗೆಯೇ, ಒಮ್ಮೆ ಕೇಳಿದರೆ ಮರೆಯದಂತೆ. ಸೂಜಿಯ ಕಣ್ಣಿನಲ್ಲಿ ನುಗ್ಗುವ ಒಂಟೆ, ಕಳೆದುಹೋದ ಕುರಿ, ಬೀಜ ಬಿತ್ತುವವನು. ಇಂಥವನ್ನು ನೆನಪಿಡಲು ಕಾಗದ ಬೇಕಿಲ್ಲ. ಊಟಕ್ಕೆ ಸೇರಿದಾಗ, ದೀಕ್ಷಾಸ್ನಾನ ಕೊಡುವಾಗ, ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಹೇಳುವಾಗ ಅವು ಬಾಯಿಂದ ಬಾಯಿಗೆ ಹೋದವು. 2ನೇ ಶತಮಾನದ ಆರಂಭದಲ್ಲಿ, ಈಗಿನ ಟರ್ಕಿಯ ಹಿರಾಪೊಲಿಸಿನಲ್ಲಿ ಪಾಪಿಯಾಸ್ ಎಂಬ ಬಿಷಪ್ ಇದ್ದ. ಆ ಹೊತ್ತಿಗೆ ಪುಸ್ತಕಗಳು ಬಂದಾಗಿತ್ತು. ಆದರೂ ಪುಸ್ತಕಕ್ಕಿಂತ ಜೀವಂತ ದನಿಯಿಂದಲೇ ತನಗೆ ಜಾಸ್ತಿ ಪ್ರಯೋಜನ ಎಂದು ಅವನು ಹೇಳಿದ.

ಆ ದನಿಗಳು ಒಂದೊಂದಾಗಿ ನಿಲ್ಲತೊಡಗಿದವು. 64ರಲ್ಲಿ ರೋಮ್ ಹೊತ್ತಿ ಉರಿದಾಗ ಚಕ್ರವರ್ತಿ ನೀರೋ ಕ್ರೈಸ್ತರ ಮೇಲೆ ತಪ್ಪು ಹೊರಿಸಿ ಕೊಲ್ಲಿಸಿದ. ಪೇತ್ರ, ಪೌಲರು ಅವನ ಕಾಲದಲ್ಲೇ ಸತ್ತರೆಂದು ಪರಂಪರೆ ಹೇಳುತ್ತದೆ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿತು. ಯೇಸುವನ್ನು ಕಂಡವರು ಹೋಗುತ್ತಿದ್ದರು, ಅವರು ನಡೆದಾಡಿದ ಜಾಗವೂ ಹೋಯಿತು. ಮಾರ್ಕ ಬರೆದದ್ದು ಈ ಹೊತ್ತಿನಲ್ಲಿ.

ಅವನು ಪೇತ್ರನ ದುಭಾಷಿಯಾಗಿದ್ದ, ನೆನಪಿದ್ದಷ್ಟನ್ನು ನಿಷ್ಠೆಯಿಂದ ಬರೆದ, ಆದರೆ ಕ್ರಮವಾಗಿ ಅಲ್ಲ ಎಂದು ಪಾಪಿಯಾಸ್ ಹೇಳುತ್ತಾನೆ. ಪೇತ್ರನ ವಿಷಯವನ್ನು ಎಲ್ಲರೂ ಒಪ್ಪುವುದಿಲ್ಲ. ಆದರೆ ಈ ಪುಸ್ತಕದ ಹಿಂದೆ ಒಂದು ಬಾಯಿ ಇದೆ ಎಂದು ನನಗೆ ಪ್ರತಿ ಸಲ ಓದುವಾಗಲೂ ಅನ್ನಿಸುತ್ತದೆ. ‘ಕೂಡಲೇ’ ಎಂಬ ಮಾತು ಸುಮಾರು 40 ಸಲ ಬರುತ್ತದೆ. ಕಥೆ ಹೇಳುವವರು ‘ಆಮೇಲೆ, ಆಮೇಲೆ’ ಅನ್ನುವ ಹಾಗೆ. ಬರಹ ಗ್ರೀಕಿನಲ್ಲಿದ್ದರೂ ಅಲ್ಲಲ್ಲಿ ಯೇಸುವಿನ ಮನೆಮಾತು ಅರಾಮಿಕ್ ಹಾಗೇ ಉಳಿದಿದೆ. ಸತ್ತಳೆಂದುಕೊಂಡ ಹುಡುಗಿಯ ಕೈಹಿಡಿದು ‘ತಲಿಥಾ ಕೂಮ್’ ಅನ್ನುತ್ತಾರೆ. ಹುಡುಗಿಯೇ, ಏಳು ಎಂದು ಅರ್ಥ. ಗ್ರೀಕ್ ಓದುಗರಿಗೆ ಆ ಸದ್ದು ಬೇಕಿರಲಿಲ್ಲ. ಆದರೂ ಯಾರಿಗೋ ಅದನ್ನು ಬಿಡಲು ಮನಸ್ಸಾಗಲಿಲ್ಲ. ಬಿರುಗಾಳಿಯಲ್ಲಿ ದೋಣಿ ಓಲಾಡುವಾಗ ಯೇಸು ಹಿಂಭಾಗದಲ್ಲಿ ‘ದಿಂಬಿನ ಮೇಲೆ ತಲೆಯಿಟ್ಟು’ ಮಲಗಿದ್ದರು ಎಂದು ಮಾರ್ಕ ಬರೆದ. ಆ ದಿಂಬಿನಿಂದ ಕಥೆಗೆ ಆಗಬೇಕಾದದ್ದು ಏನೂ ಇಲ್ಲ.

ಅದೇ ಕಥೆ ಮತ್ತಾಯ, ಲೂಕರಲ್ಲೂ ಇದೆ. ದಿಂಬು ಮಾತ್ರ ಇಲ್ಲ.

ಸಂಪಾದಕನ ಕೆಲಸ ಮಾಡುವವನಿಗೆ ಇಲ್ಲಿ ಎದೆ ಜುಮ್ಮೆನ್ನುತ್ತದೆ. ಮತ್ತಾಯ, ಲೂಕ ಇಬ್ಬರ ಮುಂದೆಯೂ ಮಾರ್ಕನ ಪ್ರತಿ ಇತ್ತು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಮಾರ್ಕನಲ್ಲಿರುವುದರ ಹತ್ತರಲ್ಲಿ ಒಂಬತ್ತು ಪಾಲು ಮತ್ತಾಯನಲ್ಲಿ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ತಿದ್ದಿದ ಕೈಯೇ ಕಾಣುತ್ತದೆ. ದೋಣಿಯಲ್ಲಿ ಹೆದರಿದ ಶಿಷ್ಯರು ಮಾರ್ಕನಲ್ಲಿ ಸಿಟ್ಟಿನಿಂದ ಕೇಳುತ್ತಾರೆ: ಗುರುವೇ, ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವೇ? ಮತ್ತಾಯನಲ್ಲಿ ಅದು ಪ್ರಾರ್ಥನೆ: ಸ್ವಾಮೀ, ಕಾಪಾಡು. ಸ್ವಂತ ಊರಿನಲ್ಲಿ ಯೇಸುವಿಗೆ ಮಹತ್ಕಾರ್ಯ ಮಾಡಲು ‘ಆಗಲಿಲ್ಲ’, ಕೆಲವು ರೋಗಿಗಳನ್ನು ಗುಣಪಡಿಸಿದ್ದು ಬಿಟ್ಟರೆ, ಅನ್ನುತ್ತಾನೆ ಮಾರ್ಕ. ಹೆಚ್ಚು ‘ಮಾಡಲಿಲ್ಲ’ ಅನ್ನುತ್ತಾನೆ ಮತ್ತಾಯ. ಒಂದು ಕ್ರಿಯಾಪದ ಬದಲಾಯಿತು, ಅಷ್ಟೇ. ಆದರೆ ಆ ಬದಲಾವಣೆಯ ಹಿಂದೆ ಎಷ್ಟು ಭಕ್ತಿ, ಎಷ್ಟು ಅಳುಕು ಇದೆ ನೋಡಿ.

ಮಾರ್ಕನಲ್ಲಿ ಇಲ್ಲದ, ಆದರೆ ಮತ್ತಾಯ ಲೂಕ ಇಬ್ಬರಲ್ಲೂ ಇರುವ ಸುಮಾರು 230 ವಚನಗಳಿವೆ. ಹೆಚ್ಚಿನವು ಯೇಸುವಿನ ಮಾತುಗಳೇ. ಇದಕ್ಕೊಂದು ಮೂಲ ಇದ್ದಿರಬೇಕೆಂದು ಊಹಿಸಿ ವಿದ್ವಾಂಸರು ಅದನ್ನು ‘ಕ್ಯೂ’ ಎಂದು ಕರೆದರು. ಮೂಲ ಎಂಬ ಅರ್ಥದ ಜರ್ಮನ್ ಪದದ ಮೊದಲ ಅಕ್ಷರ ಅದು. ಅದರ ಪ್ರತಿ ಎಲ್ಲೂ ಸಿಕ್ಕಿಲ್ಲ. ಅಂಥದ್ದು ಇರಲೇ ಇಲ್ಲ ಎನ್ನುವವರೂ ಇದ್ದಾರೆ. ಲೂಕ ಮಾತ್ರ ತಾನು ಏನು ಮಾಡಿದೆ ಎಂದು ಮೊದಲ ಸಾಲುಗಳಲ್ಲೇ ಬಿಚ್ಚಿ ಹೇಳುತ್ತಾನೆ. ಈ ಕೆಲಸಕ್ಕೆ ಈಗಾಗಲೇ ಹಲವರು ಕೈಹಾಕಿದ್ದಾರೆ, ಕಣ್ಣಾರೆ ಕಂಡವರು ನಮಗೆ ತಿಳಿಸಿದ್ದಾರೆ, ನಾನೂ ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು, ತಾನು ಯಾರಿಗಾಗಿ ಬರೆಯುತ್ತಿದ್ದಾನೋ ಆ ಥೆಯೊಫಿಲನಿಗೆ ಅರಿಕೆ ಮಾಡಿಕೊಳ್ಳುತ್ತಾನೆ. ನಾನು ಕಂಡೆ ಎಂದು ಅವನು ಎಲ್ಲೂ ಹೇಳಿಕೊಳ್ಳಲಿಲ್ಲ. ನಾವು ಅವನ ಪರವಾಗಿ ಹಾಗೆ ಬರೆದುಬಿಟ್ಟೆವು.

ಇನ್ನು ನಂಬುವುದು ಹೇಗೆ ಎಂಬ ಪ್ರಶ್ನೆ. ಹೇಳುತ್ತಾ ಹೇಳುತ್ತಾ ಮಾತು ಬದಲಾಗಿದೆ, ಅದನ್ನು ಮುಚ್ಚಿಡಲಾರೆ. ಯೇಸು ಶಿಷ್ಯರಿಗೆ ಕಲಿಸಿದ ‘ಕರ್ತನ ಪ್ರಾರ್ಥನೆ’ ಮತ್ತಾಯನಲ್ಲಿ ಉದ್ದ, ಲೂಕನಲ್ಲಿ ಚಿಕ್ಕದು. ಶಿಲುಬೆಯ ಮೇಲಿನ ಕೊನೆಯ ಮಾತು ಮಾರ್ಕನಲ್ಲಿ ‘ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?’ ಎಂಬ ಕೂಗು. ಲೂಕನಲ್ಲಿ ‘ತಂದೆಯೇ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ’. ಯೋಹಾನನಲ್ಲಿ ‘ತೀರಿತು’.

ಇವನ್ನೆಲ್ಲ ಒಂದು ಮಾಡಿಬಿಡಬಹುದಿತ್ತು. ಒಬ್ಬ ಮಾಡಿಯೂ ಮಾಡಿದ. ಸುಮಾರು 170ರಲ್ಲಿ ತಾಷಿಯನ್ ಎಂಬ ಸಿರಿಯಾದವನು ನಾಲ್ಕನ್ನೂ ಹೆಣೆದು ಒಂದೇ ಕಥೆ ಮಾಡಿದ. ಸಿರಿಯಾದ ಕ್ರೈಸ್ತ ಸಭೆಗಳು ಅದನ್ನೇ ತಲೆಮಾರುಗಟ್ಟಲೆ ಓದಿದವು. 5ನೇ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ತನ್ನ ಸಭೆಗಳಿಂದ ಆ ಪುಸ್ತಕದ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ನಾಲ್ಕು ಬೇರೆ ಬೇರೆ ಸುವಾರ್ತೆಗಳನ್ನು ಇಡಿಸಿದ. ಪುಸ್ತಕಗಳನ್ನು ಹಾಗೆ ಒಟ್ಟು ಹಾಕಿ ತೆಗೆಸಿದ್ದು ನನಗೆ ಇಷ್ಟವಾಗುವ ಕೆಲಸವಲ್ಲ. ಆದರೆ ನಾಲ್ಕೂ ಉಳಿದದ್ದಕ್ಕೆ ನಾನು ಕೃತಜ್ಞ. ಒಂದೇ ಉಳಿದಿದ್ದರೆ ಆ ಕೂಗು ನಯವಾಗಿ ಹೋಗುತ್ತಿತ್ತು. ಯೇಸುವನ್ನು ಹಿಡಿದೊಯ್ದ ರಾತ್ರಿ ಪೇತ್ರ ಮೂರು ಸಲ ‘ನಾನು ಅವನನ್ನು ಅರಿಯೆ’ ಅಂದದ್ದನ್ನು ನಾಲ್ವರೂ ಬರೆದರು. ತಮ್ಮ ಹಿರಿಯನಿಗೆ ಅವಮಾನ ತರುವ ಕಥೆಯನ್ನು ಸುಮ್ನೆ ಕಟ್ಟಿ ಇಟ್ಟುಕೊಳ್ಳುವವರು ಯಾರಿದ್ದಾರೆ? ನನ್ನ ನಂಬಿಕೆ ನಿಂತಿರುವುದು ಇಂಥ ಕಡೆ.

ಯಾವುದರಿಂದ ಶುರು ಮಾಡಬೇಕು ಅಂದಿರಿ. ಮಾರ್ಕನಿಂದ ಮಾಡಿ. 16 ಅಧ್ಯಾಯ, ಒಂದೂವರೆ ಎರಡು ಗಂಟೆಯ ಓದು. ನಮಗೆ ಪೂರ್ತಿಯಾಗಿ ಉಳಿದಿರುವ ಹಳೆಯ ಎರಡು ಪ್ರತಿಗಳು 4ನೇ ಶತಮಾನದವು. ಅವುಗಳಲ್ಲಿ ಈ ಪುಸ್ತಕ ಕೊನೆಯ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. ಸಮಾಧಿ ಬರಿದಾಗಿದೆ, ಹೆಂಗಸರು ನಡುಗುತ್ತಾ ಓಡಿಹೋಗುತ್ತಾರೆ, ಹೆದರಿ ಯಾರಿಗೂ ಏನೂ ಹೇಳುವುದಿಲ್ಲ. ಮುಂದಿನ 12 ವಚನಗಳು ಆಮೇಲೆ ಸೇರಿದವು. ನೀವು 8ಕ್ಕೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮುಂದಕ್ಕೆ ಹೋಗಿ. ಇನ್ನೊಂದು ವಿನಂತಿ. ಕಣ್ಣಲ್ಲೇ ಓದಿಕೊಳ್ಳಬೇಡಿ. ಆಗ ಒಬ್ಬರು ಓದುತ್ತಿದ್ದರು, ಮಿಕ್ಕವರು ಕೂತು ಕೇಳುತ್ತಿದ್ದರು. ತರಗತಿಯಲ್ಲಿ ಪಾಠ ಓದುತ್ತಿದ್ದ ದನಿಯಲ್ಲೇ ಓದಿ ಮೇಷ್ಟ್ರೇ, ಮನೆಯವರೂ ಕೇಳಿಸಿಕೊಳ್ಳಲಿ.