ಪ್ರತಿಕ್ರಿಯೆ: ಮೂಲೆಯಲ್ಲಿ ಮಾತ್ರ ಅಂಚು ದಪ್ಪ ಕಾಣುವುದು ಯಾಕೆ?

ನಿಮ್ಮ ವಿನ್ಯಾಸದಲ್ಲಿ ಪರದೆಯ ಸುತ್ತಲಿನ ಅಂಚು ಮೂಲೆಗಳಲ್ಲಿ ಮಾತ್ರ ದಪ್ಪ ಕಾಣುತ್ತಿದೆ ಎಂದು ಕೇಳಿದ್ದೀರಿ. ಹೊರಗಿನ ಚೌಕಟ್ಟಿನ ಮೂಲೆಯ ಬಾಗಿಗೂ ಒಳಗಿನ ಪರದೆಯ ಮೂಲೆಯ ಬಾಗಿಗೂ 12 ಮಿ.ಮೀ. ತ್ರಿಜ್ಯವನ್ನೇ ಕೊಟ್ಟಿದ್ದೀರಿ. ಬಹುಶಃ ಅದೇ ಕಾರಣ. ಇದು ಕಣ್ಣಿನ ಭ್ರಮೆಯಲ್ಲ, ನಿಜವಾಗಿಯೂ ಅಲ್ಲಿ ದಪ್ಪ ಜಾಸ್ತಿ: ಬದಿಯಲ್ಲಿ 4 ಮಿ.ಮೀ., ಮೂಲೆಯಲ್ಲಿ ಓರೆಯಾಗಿ ಅಳೆದರೆ ಸುಮಾರು 5.7.

ಮೊದಲು ಹೊರಗಿನ ತ್ರಿಜ್ಯದಿಂದ ಅಂಚಿನ ಅಗಲ ಕಳೆಯಿರಿ. ಒಳಗೆ 8 ಕೊಡಿ. ಎರಡೂ ಬಾಗುಗಳ ಕೇಂದ್ರ ಒಂದೇ ಆಗುತ್ತದೆ, ಅಂಚು ಎಲ್ಲ ಕಡೆ ಸಮ. ಆಮೇಲೆ ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು ನೋಡಿ. ಜೂಮ್ ಮಾಡಿಕೊಂಡು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ (ನಾನು ಕೆಡಿಸಿಕೊಂಡಿದ್ದೇನೆ).

ಮೇಲ್ಮೈ ಹೊಳಪಿನದ್ದಾದರೆ ಇನ್ನೊಂದು ತೊಂದರೆ ಬರಬಹುದು. ನೇರ ಗೆರೆ ಬಾಗಿಗೆ ಸೇರುವಲ್ಲಿ ಪ್ರತಿಬಿಂಬ ಮುರಿದಂತೆ ಕಾಣುತ್ತದೆ. ಕ್ಯಾಡ್‌ನಲ್ಲಿ (ಕಂಪ್ಯೂಟರ್ ವಿನ್ಯಾಸದ ತಂತ್ರಾಂಶ) ಹೊರಗಿನ ಫಿಲೆಟ್ಟನ್ನು, ಅಂದರೆ ದುಂಡಾಗಿಸಿದ ಮೂಲೆಯನ್ನು, ಜಿ2 ಮಾಡಿ; ಅಂದರೆ ಬಾಗುವಿಕೆ ಥಟ್ಟನೆ ಬದಲಾಗದೆ ನಿಧಾನವಾಗಿ ಶುರುವಾಗಲಿ. ಆಗ ಒಳಗಿನ ಗೆರೆಯನ್ನು ಹೊಸದಾಗಿ ಎಳೆಯದೆ, ಹೊರಗಿನದನ್ನೇ 4 ಮಿ.ಮೀ. ಒಳಕ್ಕೆ ಆಫ್‌ಸೆಟ್ ಮಾಡಿ (ಎಲ್ಲ ಕಡೆ ಅದೇ ಅಂತರದಲ್ಲಿ ನಕಲು ಮಾಡಿ). ಮ್ಯಾಟ್ ಫಿನಿಶ್ ಆದರೆ ಇದನ್ನು ಬಿಟ್ಟುಬಿಡಿ.