ಗೋಧಿ ಬಿಡುವ ಮುನ್ನ

ಪತ್ರದ ಸಾರ: “ಆರು ವರ್ಷಗಳಿಂದ ಅಜೀರ್ಣ, ಹೊಟ್ಟೆಯುಬ್ಬರ, ಹುಳಿತೇಗು. ಔಷಧ ಅಂಗಡಿಯ ಗುಳಿಗೆಯಲ್ಲೇ ದಿನ ದೂಡುತ್ತಿದ್ದೇನೆ. ನಾಲ್ಕು ತಿಂಗಳಿಂದ ರಾತ್ರಿ ಎರಡು ಸಲ ಭೇದಿಗೆ ಏಳುತ್ತೇನೆ, ತೂಕ ಇಳಿದಿದೆ. ಮೂಲವ್ಯಾಧಿಯ ರಕ್ತವೂ ಇದೆ. ಹಳೆಯ ಅಜೀರ್ಣವೇ ಆಟೊಇಮ್ಯೂನ್ ಕಾಯಿಲೆ, ಅಂದರೆ ಮೈಯ ರಕ್ಷಣಾ ಪಡೆಯೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ, ತರುತ್ತದೆ ಎನ್ನುತ್ತಾರೆ ನಮ್ಮ ಭಾವ. ಸೋಮವಾರದಿಂದ ಚಪಾತಿ ಬಿಟ್ಟು ಬರೀ ಜೋಳದ ರೊಟ್ಟಿ ಉಣ್ಣಲೇ?”
– ಓದುಗರು, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಸಂಪಾದಕರ ಉತ್ತರ:

ಸೋಮವಾರದ ಮುಹೂರ್ತವನ್ನು ದಯವಿಟ್ಟು ಮುಂದೂಡಿ. ರೊಟ್ಟಿಯ ಮೇಲೆ ನನಗೇನೂ ಮುನಿಸಿಲ್ಲ. ಬದನೆಯ ಎಣ್ಣೆಗಾಯಿ ಜೊತೆಗಿದ್ದರೆ ಎರಡು ಹೆಚ್ಚೇ ಉಣ್ಣುವವನು ನಾನು. ಆದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣಕರುಳಿನ ಒಳಪದರ ಕೆಡುವ ಸೀಲಿಯಾಕ್ ಎಂಬ ಕಾಯಿಲೆಯೊಂದಿದೆ. ಅದನ್ನು ಪತ್ತೆ ಮಾಡುವ ರಕ್ತಪರೀಕ್ಷೆ, ಗೋಧಿ ಉಣ್ಣುತ್ತಿರುವಾಗಲೇ ಆಗಬೇಕು. ಬಿಟ್ಟು ತಿಂಗಳುಗಳಾದರೆ ಆ ಪರೀಕ್ಷೆ ಹುಡುಕುವ ರಕ್ತದಲ್ಲಿನ ಪ್ರತಿಕಾಯಗಳು ಇಳಿದು, ಕಾಯಿಲೆ ಇದ್ದರೂ ವರದಿ ‘ಇಲ್ಲ’ ಎಂದುಬಿಡಬಹುದು. ಅದೇ ಎಂದು ಖಚಿತವಾದರೆ ನಮ್ಮ ಬಿಳಿಜೋಳ ವರವೇ ಸರಿ, ಅದರಲ್ಲಿ ಗ್ಲುಟೆನ್ ಇಲ್ಲ. ಆಗಲೂ ಊರ ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಜೋಳ ಹಾಕಿಸಿದರೆ ವ್ರತ ಕೆಟ್ಟಂತೆ.

ಭಾವನವರ ಲೆಕ್ಕ ಹಿಂದುಮುಂದಾಗಿದೆ. ಅಜೀರ್ಣ ಹಳತಾದ ಮಾತ್ರಕ್ಕೆ ಆಟೊಇಮ್ಯೂನ್ ಕಾಯಿಲೆಯಾಗುವುದಿಲ್ಲ; ಬಹಳಷ್ಟು ಜನರ ಅಜೀರ್ಣದಲ್ಲಿ ಕರುಳಿಗೆ ಉರಿಯೂತವೇ ಇರುವುದಿಲ್ಲ. ಕೆಲವರಲ್ಲಿ ಮಾತ್ರ ಕಾಯಿಲೆ ಮೊದಲೇ ಒಳಹೊಕ್ಕು, ಅಜೀರ್ಣದ ವೇಷದಲ್ಲಿ ವರ್ಷಗಟ್ಟಲೆ ಓಡಾಡುತ್ತಿರುತ್ತದೆ. ಕರುಳಿನ ಉರಿಯೂತದ ಇಂಥ ಎರಡು ಕಾಯಿಲೆಗಳಿವೆ: ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ತಲೆಯೆತ್ತಬಹುದು, ಅಲ್ಸರೇಟಿವ್ ಕೊಲೈಟಿಸ್ ದೊಡ್ಡಕರುಳಿನದು. ನಿಮ್ಮ ಆರು ವರ್ಷದ ತೇಗನ್ನು ಓದಿ ದಾಟಿದೆ. ಈ ನಾಲ್ಕು ತಿಂಗಳ ಸಾಲಿಗೆ ಬಂದು ನಿಂತುಬಿಟ್ಟೆ. ಬರೀ ಗ್ಯಾಸು ಮನುಷ್ಯನನ್ನು ನಿದ್ದೆಯಿಂದ ಎಬ್ಬಿಸಿ ಭೇದಿಗೆ ಓಡಿಸುವುದಿಲ್ಲ. ಇನ್ನು ಆ ರಕ್ತ ಮೂಲವ್ಯಾಧಿಯದೇ ಎಂದವರು ಯಾರು? ಪರೀಕ್ಷಿಸಿದ ವೈದ್ಯರೋ, ಗುಳಿಗೆ ಕೊಟ್ಟ ಅಂಗಡಿಯವರೋ?

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಸಣ್ಣಕರುಳು ದೊಡ್ಡಕರುಳನ್ನು ಸೇರುವ ಜಾಗದಲ್ಲಿ ಕ್ಷಯ ತಗಲಿದರೆ ಥೇಟ್ ಕ್ರೋನ್ಸ್‌ನಂತೆಯೇ ಕಾಣುತ್ತದೆ. ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳನ್ನು ನೋಡುವ ಕೊಲೊನೊಸ್ಕೋಪಿಯಲ್ಲಿ ಚೂರು ತೆಗೆದು ನೋಡಿದರೂ ತಜ್ಞರು ತಡವರಿಸುವುದುಂಟು. ಕ್ರೋನ್ಸ್ ಎಂದುಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಔಷಧ ಕೊಟ್ಟರೆ ಕ್ಷಯ ಕೆರಳಬಹುದು. ಆದ್ದರಿಂದ ಬೇರೆಯವರ ಚೀಟಿ ತೋರಿಸಿ ಔಷಧ ತರುವ ಸಾಹಸ ಬೇಡ.

ವಿಜಯಪುರವೋ ಸೊಲ್ಲಾಪುರವೋ, ಹತ್ತಿರವಾದ ಕಡೆ ಇದೇ ವಾರ ಜೀರ್ಣಾಂಗ ತಜ್ಞರನ್ನು ಕಾಣಿರಿ. ರಾತ್ರಿಯ ಭೇದಿಯನ್ನೂ ರಕ್ತವನ್ನೂ ಸಂಕೋಚವಿಲ್ಲದೆ ಮೊದಲೇ ಹೇಳಿ. ನುಂಗಿದ ಗುಳಿಗೆಗಳ ಖಾಲಿ ಪಟ್ಟಿಗಳನ್ನು ಚೀಲದಲ್ಲಿ ಒಯ್ಯಿರಿ. ಅಲ್ಲಿಯವರೆಗೆ ಚಪಾತಿ ಮೊದಲಿನಂತೆ ನಡೆಯಲಿ.